ನಮ್ಮ ಬೀಗರ ಸಿಡಿ ಮಶೀನು

ನೀವು ನಂಬುವುದಿಲ್ಲ. ನಂಬಲೇಬೇಡಿ! ರಾಣೆಬೆನ್ನೂರಿನಲ್ಲಿ ನನ್ನ ಮಾತನ್ನು ಎರಡನೇ ಸಲ ನಂಬಿದವರು ಯಾರೂ ಇಲ್ಲ, ನೀವು ಮೊದಲನೇ ಸಲವೇ ಎಚ್ಚರವಾಗಿರುವುದು ಒಳ್ಳೆಯದು. ಆದರೂ ಹೇಳುತ್ತೇನೆ, ಕೇಳಿ: ಇಡೀ ಜಗತ್ತಿನಲ್ಲಿ ಎಂದೋ ಮುಗಿದುಹೋದ ಒಂದು ಯುದ್ಧ ಬ್ಯಾಡಗಿಯಲ್ಲಿ ಮಾತ್ರ ಇನ್ನೂ ನಡೆದಿದೆ. ಸೋತ ಕಡೆಯ ಸೈನ್ಯದಲ್ಲಿ ಉಳಿದಿರುವವನು ಒಬ್ಬನೇ ಸೈನಿಕ. ಆ ಸೈನಿಕ ನಮ್ಮ ಬೀಗರು.

ಈ ಬರಹದಲ್ಲಿ ಒಂದೇ ಒಂದು ಸಂಗತಿ ನಾನು ಕಟ್ಟಿದ್ದು. ಉಳಿದದ್ದೆಲ್ಲ ಖರೇ. ಯಾವುದಿರಬಹುದು ಎಂದು ಊಹಿಸುತ್ತ ಬನ್ನಿ, ತಪ್ಪುತ್ತೀರಿ ಎಂದು ಪಣ ಕಟ್ಟುತ್ತೇನೆ. ಕೊನೆಗೆ ನಾನೇ ಹೇಳುತ್ತೇನೆ. ಹೇಳದಿದ್ದರೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ, ಅಂಥ ಸ್ಥಿತಿಯಲ್ಲಿದ್ದೇನೆ.

ಯುದ್ಧ ಯಾವುದೆಂದರೆ ಸಿಡಿಗೂ ಡಿವಿಡಿಗೂ. ಈಗಿನ ಮೊಮ್ಮಕ್ಕಳಿಗೆ ಎರಡೂ ಗೊತ್ತಿಲ್ಲ, ಅವರಿಗೆ ಸಿನಿಮಾ ಎಂದರೆ ಮೊಬೈಲು. ಆಗ ಸಿನಿಮಾ ಹೊಳೆಯುವ ತಟ್ಟೆಯ ಮೇಲೆ ಮನೆಗೆ ಬರುತ್ತಿತ್ತು. ಮೊದಲು ಬಂದದ್ದು ವಿಸಿಡಿ. ನಮ್ಮ ಕಡೆ ಅದಕ್ಕೆ ಬರೀ ಸಿಡಿ ಎಂದರೆ ಸಾಕು. ಒಂದು ಸಿನಿಮಾಕ್ಕೆ ಎರಡು ತಟ್ಟೆ, ಉದ್ದದ ಸಿನಿಮಾ ಆದರೆ ಮೂರು. ಆಮೇಲೆ ಡಿವಿಡಿ ಬಂತು. ಅದೇ ಗಾತ್ರ, ಅದೇ ಹೊಳಪು, ಆದರೆ ಇಡೀ ಸಿನಿಮಾ ಒಂದೇ ತಟ್ಟೆಯಲ್ಲಿ! ಸ್ವಾರಸ್ಯ ಎಲ್ಲಿದೆ ಎಂದರೆ, ಡಿವಿಡಿ ಮಶೀನಿಗೆ ಸಿಡಿ ಹಾಕಿದರೆ ಸುಮ್ಮನೆ ನುಂಗಿ ತೋರಿಸುತ್ತದೆ. ಸಿಡಿ ಮಶೀನಿಗೆ ಡಿವಿಡಿ ಹಾಕಿದರೆ ಗರಗರ ತಿರುಗಿಸಿ ಉಗುಳುತ್ತದೆ. ಥೇಟ್ ಬೀಗತನ! ಹೆಣ್ಣಿನ ಕಡೆಯವರು ಕೊಟ್ಟದ್ದನ್ನೆಲ್ಲ ನುಂಗುತ್ತಾರೆ, ಗಂಡಿನ ಕಡೆಯವರು ಎಲ್ಲಕ್ಕೂ ಕೊಂಕು ತೆಗೆಯುತ್ತಾರೆ. ನಮ್ಮಲ್ಲಿ ಮಾತ್ರ ಉಲ್ಟಾ. ಗಂಡಿನ ತಂದೆ ನಾನು, ಉಗುಳಿದವರು ಅವರು.

ಅವರ ಮಗಳು ನನ್ನ ಸೊಸೆ. ಅವರದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ, ನನ್ನದು ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ. ಬೀಗರಿಗೆ ಚೇಷ್ಟೆ ಮಾಡದಿದ್ದರೆ ನಮ್ಮ ಕಡೆ ಅದನ್ನು ಬೀಗತನ ಎನ್ನುವುದಿಲ್ಲ, ಬರೀ ಪರಿಚಯ ಎನ್ನುತ್ತಾರೆ. ಆ ಕಲೆಯಲ್ಲಿ ನನ್ನನ್ನು ಮೀರಿಸುವವರು ಜಿಲ್ಲೆಯಲ್ಲಿಲ್ಲ, ಜಂಬ ಎಂದರೂ ಸರಿ. ಮದುವೆಯ ಮರುದಿನ ಬೀಗರ ಪಂಕ್ತಿಯಲ್ಲಿ ಅವರ ಎಲೆಗೆ ಹೂರಣದ ಬದಲು ಹತ್ತಿ ತುಂಬಿದ ಹೋಳಿಗೆ ಬಡಿಸಿದೆ. ಇಡೀ ಸಾಲು ಉಸಿರು ಹಿಡಿದು ನೋಡುತ್ತಿತ್ತು. ಅವರು ಹೋಳಿಗೆ ಮುರಿದರು, ಒಳಗಿದ್ದದ್ದನ್ನು ಎರಡು ಬೆರಳಿನಲ್ಲಿ ಹಿಂಜಿ ನೋಡಿದರು, ಎಲೆಯ ಬದಿಗಿಟ್ಟರು.

"ಹತ್ತಿ ಚಲೋ ಐತ್ರಿ ಬೀಗರ," ಎಂದರು. "ಬೀಜ ನಿಮ್ಮ ಅಂಗಡೀದಲ್ಲ ಅನಸ್ತೈತಿ."

ಇಡೀ ಪಂಕ್ತಿ ನಕ್ಕಿತು. ನಾನು ನಗಿಸಲು ಹೋಗಿದ್ದೆ, ನಗೆಗೀಡಾಗಿ ಬಂದೆ. ಅಂದಿನಿಂದ ಈ ಮನುಷ್ಯನನ್ನು ಒಮ್ಮೆಯಾದರೂ ಬೀಳಿಸಬೇಕು ಎನ್ನುವುದು ನನ್ನ ವ್ರತ.

ಮದುವೆಗೆ ಎರಡೂ ಕಡೆಯವರು ಒಬ್ಬೊಬ್ಬ ವಿಡಿಯೋದವನನ್ನು ಕರೆಸಿದ್ದೆವು. ಒಬ್ಬನೇ ಸಾಕು ಎಂದು ಹೇಳಿ ಸಣ್ಣವರಾಗಲು ಯಾರಿಗೆ ಮನಸ್ಸು? ತಾಳಿ ಕಟ್ಟಿ ಅಕ್ಕಿಕಾಳು ಬೀಳುವ ಹೊತ್ತಿಗೆ ನಮ್ಮವನ ಕ್ಯಾಮೆರಾದಲ್ಲಿ ಅವರವನ ಬೆನ್ನು, ಅವರವನ ಕ್ಯಾಮೆರಾದಲ್ಲಿ ನಮ್ಮವನ ಬೆನ್ನು. ಮೇಲೆ ಆ ಕಾಲದ ಶೃಂಗಾರ ಬೇರೆ: ಸೊಸೆಯ ಮುಖ ಸೇಬುಹಣ್ಣಿನೊಳಗೆ, ಮಗನ ಮುಖ ಗುಲಾಬಿಯೊಳಗೆ, ಎಲೆ ಅಡಿಕೆ ಜಗಿಯುತ್ತಿರುವ ನಾನು ಹುಣ್ಣಿಮೆಯ ಚಂದ್ರನೊಳಗೆ. ನಮ್ಮವನು ಎಲ್ಲವನ್ನೂ ಒಂದು ಡಿವಿಡಿಯಲ್ಲಿ ಹಾಕಿ ಕೊಟ್ಟ. ಅವರವನು ಮೂರು ಸಿಡಿ ಮಾಡಿದ: ಮೊದಲನೆಯದರಲ್ಲಿ ಅರಿಷಿಣ, ಎರಡನೆಯದರಲ್ಲಿ ಅಕ್ಕಿಕಾಳು, ಮೂರನೆಯದರಲ್ಲಿ ಊಟ ಮತ್ತು ಹೆಣ್ಣು ಕಳಿಸಿಕೊಡುವುದು.

ಬೀಗತಿ, ಅಂದರೆ ಬೀಗರ ಹೆಂಡತಿ, ಅಕ್ಕಿಕಾಳಿನ ಹೊತ್ತಿಗೆ ಹಂದರದಲ್ಲೇ ಇರಲಿಲ್ಲ. ಉಗ್ರಾಣದ ಕೀಲಿ ಅವರ ಸೊಂಟದಲ್ಲಿತ್ತು, ಬುಂದೆ ಕಾಯುತ್ತ ಕೂತಿದ್ದರು. ಮಗಳ ಮದುವೆಯನ್ನು ಅವರು ನೋಡಿದ್ದು ಟಿವಿಯಲ್ಲಿ. ಆಮೇಲೆ ದಿನಾ ಮಧ್ಯಾಹ್ನ ಪಾತ್ರೆ ತೊಳೆದು ಬೋರಲು ಹಾಕಿ, ಎರಡನೇ ಸಿಡಿ ಹಾಕಿಕೊಂಡು ಕೂಡುವುದು ಅವರ ರೂಢಿಯಾಯಿತು. ಪಕ್ಕದ ಮನೆಗಳಲ್ಲಿ ಧಾರಾವಾಹಿ ನಡೆದಿದ್ದರೆ ಇವರ ಮನೆಯಲ್ಲಿ ಇಪ್ಪತ್ತು ವರ್ಷದಿಂದ ನನ್ನ ಮಗನ ಮದುವೆ ನಡೆದಿದೆ. ಮುಂದೇನಾಗುತ್ತದೆ ಎಂದು ಗೊತ್ತಿದ್ದೂ ತಾಳಿ ಕಟ್ಟುವಾಗ ಉಸಿರು ಹಿಡಿಯುತ್ತಾರಂತೆ! ಒಂದು ಸವೆದರೆ ಇನ್ನೊಂದಿರಲಿ ಎಂದು ಬೀಗರು ಸಿಡಿಗೆ ಪ್ರತಿಯ ಮೇಲೆ ಪ್ರತಿ ಮಾಡಿಸಿ ಇಟ್ಟಿದ್ದರು. ಮೊದಲನೇ ಸಿಡಿಗೆ ಅರಿಷಿಣದ ಬೊಟ್ಟು, ಎರಡನೆಯದಕ್ಕೆ ಕುಂಕುಮದ್ದು, ಮೂರನೆಯದಕ್ಕೆ ಸುಣ್ಣದ್ದು. ಮಶೀನಿನ ಒಂದು ಗುಂಡಿಗೂ ಕುಂಕುಮ. ಖಂಡೆಪೂಜೆಯ ದಿನ, ಅಂದರೆ ಆಯುಧಪೂಜೆಗೆ, ಹಚ್ಚಿದ್ದಿರಬೇಕು ಎಂದುಕೊಂಡ ನಾನು, ಈ ದೇವರಿಗೆ ನೈವೇದ್ಯ ಏನು ಎಂದು ಹೋದಾಗೆಲ್ಲ ಕೇಳುತ್ತಿದ್ದೆ.

ನಾನು ಡಿವಿಡಿಯ ಕಡೆಯವನು. ನಮ್ಮ ಮನೆಗೆ ಡಿವಿಡಿ ಮಶೀನು ಬಂದಾಗ ಊರಿಗೆಲ್ಲ ಸಾರಿದ್ದೆ. ಬೀಗರಿಗೂ ಒಂದು ಕೊಡಿಸುತ್ತೇನೆ ಎಂದರೆ ಆ ಮನುಷ್ಯ ಒಲ್ಲೆ ಎಂದರು. ಯಾಕೆ ಎಂದು ಕೇಳಿದರೆ ಪ್ರತಿ ಸಲ ಹೊಸ ಕಾರಣ. ಮೊದಲನೆಯದು ಚಹಾದ ಸಿದ್ಧಾಂತ.

"ನಡುವ ಎದ್ದು ಒಂದ ಕಪ್ ಚಾ ಕುಡಿಯಾಕ ಬಿಡದಂಥಾ ಸಿನಿಮಾ ಏನ್ ಸಿನಿಮಾರಿ? ಸಿಡಿ ಬದಲಸೂತನ ಚಾ ಆಕ್ಕೈತಿ, ಮಾತು ಆಕ್ಕೈತಿ. ನಿಮ್ಮ ಡಿವಿಡಿ ಅಂದ್ರ ನೊಗಾ ಹೂಡಿದಂಗ."

ಎರಡನೆಯದು ಮೆಣಸಿನಕಾಯಿಯ ಪರೀಕ್ಷೆ. ಬ್ಯಾಡಗಿ ಪೇಟೆಯಲ್ಲಿ ಕಾಯಿ ಕೊಳ್ಳುವವರು ಮೊದಲು ಬಣ್ಣ ನೋಡುತ್ತಾರೆ, ಸುಕ್ಕು ನೋಡುತ್ತಾರೆ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಒಳಗಿನ ಬೀಜದ ಸದ್ದು ಕೇಳುತ್ತಾರೆ. ನಾನು ಉಡುಗೊರೆ ಕೊಟ್ಟ ಡಿವಿಡಿಯನ್ನು ಬೀಗರು ತಮ್ಮ ಅಂಗಡಿಯ ಮುಂದೆ, ಹಮಾಲರು, ರೈತರು, ಖರೀದಿದಾರರು ಎಲ್ಲ ನೋಡುತ್ತಿರುವಾಗ ಬಿಸಿಲಿಗೆ ಹಿಡಿದರು, ತಿರುಗಿಸಿದರು, ಕಿವಿಗೆ ಹಚ್ಚಿ ಅಲ್ಲಾಡಿಸಿದರು. "ಬಣ್ಣ ಐತಿ, ಕಾಯಿ ಪೊಳ್ಳು," ಎಂದು ತೀರ್ಪು ಕೊಟ್ಟು ನನ್ನ ಕೈಗೆ ವಾಪಸ್ಸಿಟ್ಟರು. ಪೇಟೆಯಲ್ಲಿ ತಿರಸ್ಕಾರಗೊಂಡ ಮಾಲಿನ ಜೊತೆ ಅದರ ಒಡೆಯ ಹೇಗೆ ನಿಲ್ಲುತ್ತಾನೆ ನೋಡಿದ್ದೀರಾ? ನಾನು ಹಾಗೆ ನಿಂತಿದ್ದೆ. ಆದರೂ ಹಬ್ಬ ಬಂತೆಂದರೆ ಅವರ ಮನೆಗೆ ಒಂದು ಡಿವಿಡಿ ಕಳಿಸುವುದನ್ನು ಬಿಡಲಿಲ್ಲ.

ಅಷ್ಟರಲ್ಲಿ ಯುದ್ಧ ಮುಗಿಯುತ್ತ ಬಂದಿತ್ತು. ಹಾವೇರಿಯಲ್ಲಿ ಸಿಡಿ ಬಾಡಿಗೆ ಕೊಡುವ ಅಂಗಡಿಯವನು ಸಿಡಿಯನ್ನೆಲ್ಲ ತೆಗೆದು ಡಿವಿಡಿ ತುಂಬಿಸಿದ. ಬೀಗರು ಹೋಗಿ, ಬೇಡವಾದ ಸಿಡಿಯನ್ನೆಲ್ಲ ಮೆಣಸಿನಕಾಯಿ ಚೀಲಕ್ಕೆ ಸುರಿದು, ಬಾಯಿ ಹೊಲಿದು, ಬಸ್ಸಿನ ಮೇಲೆ ಹಾಕಿಕೊಂಡು ಬಂದರು. ಮನೆಯಲ್ಲಿ ಬಿಚ್ಚಿ ನೋಡಿದರೆ ಹೆಚ್ಚಿನವು ಬರೀ ಮೊದಲ ಭಾಗ! ಎರಡನೇ ಭಾಗವನ್ನು ಬಾಡಿಗೆಗೆ ಒಯ್ದವರು ತಂದುಕೊಟ್ಟೇ ಇರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅಳುತ್ತಿದ್ದರು. ಇವರು ಎಲ್ಲ ಮೊದಲ ಭಾಗಗಳನ್ನೂ ನೋಡಿ, ಎರಡನೇ ಭಾಗವನ್ನು ತಾವೇ ಕಟ್ಟಿ ಹೇಳತೊಡಗಿದರು. ಪೇಟೆಯಲ್ಲಿ ಹೇಳಿದರು, ಕಾಗಿನೆಲೆಯ ಬಸ್ಸಿನಲ್ಲಿ ಹೇಳಿದರು. ಕೇಳಲು ಜನ ಸುತ್ತುಗಟ್ಟುತ್ತಿದ್ದರು. ದೋಷ ಒಂದೇ: ಮೊದಲ ಭಾಗದಲ್ಲಿ ಎಷ್ಟೇ ತಲೆ ಉರುಳಿರಲಿ, ಎರಡನೇ ಭಾಗದಲ್ಲಿ ಎಲ್ಲರೂ ರಾಜಿಯಾಗಿ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು. ಖರೇ ಕಥೆ ಗೊತ್ತಿದ್ದವನೊಬ್ಬ, ಆ ಖಳನಾಯಕ ಕೊನೆಗೆ ಸಾಯುತ್ತಾನಲ್ಲ ಎಂದು ತಕರಾರು ತೆಗೆದ. "ಅದು ಡಿವಿಡ್ಯಾಗ," ಎಂದರು ಬೀಗರು.

ಮುಂದೆ ಡಿವಿಡಿಯ ಮಕ್ಕಳ ಕಾಲ ಬಂತು. ಬ್ಲೂ-ರೇ, ಎಚ್‌ಡಿ ಡಿವಿಡಿ ಎಂದು ಇಬ್ಬರು ದಾಯಾದಿಗಳು ಹೊಡೆದಾಡಿ ಒಬ್ಬ ಸತ್ತನಂತೆ, ನನ್ನ ಮಗ ಹೇಳಿದ. ಕಡೆಗೆ ಮೊಬೈಲು ಬಂದು ಗೆದ್ದವನನ್ನೂ ಮೂಲೆಗೆ ತಳ್ಳಿತು. ನಮ್ಮ ಮನೆಯ ಡಿವಿಡಿ ಮಶೀನು ಅಟ್ಟ ಸೇರಿತು. ಬೀಗರ ಸಿಡಿ ಮಶೀನು ಮಾತ್ರ, ಬೀಗತಿ ಕಸೂತಿ ಹಾಕಿದ ಬಟ್ಟೆ ಹೊದ್ದುಕೊಂಡು, ದಿನಾ ಮಧ್ಯಾಹ್ನ ಮದುವೆ ಮಾಡಿಸುತ್ತಲೇ ಇತ್ತು.

ಇಷ್ಟಕ್ಕೇ ನಿಂತಿದ್ದರೆ ನಾನು ಸುಮ್ಮನಿರುತ್ತಿದ್ದೆ. ಕಳೆದ ಚಳಿಗಾಲದಲ್ಲಿ ಹಲಗೇರಿಯ ತಮ್ಮ ಹೊಲಕ್ಕೆ ಸೀತನಿ ತಿನ್ನಲು ಬನ್ನಿ ಎಂದು ಬೀಗರು ಕರೆದರು. ಹಾಲುಗಾಳಿನ ಜೋಳದ ತೆನೆ ಸುಟ್ಟು, ಬಿಸಿಬಿಸಿ ಉಜ್ಜಿ ಕೊಟ್ಟರೆ ಯಾರು ಬೇಡ ಎನ್ನುತ್ತಾರೆ? ನಮ್ಮ ಪೇಟೆಯ ನಾಲ್ಕು ಮಂದಿ ದೊಡ್ಡವರನ್ನೂ ಕರೆದುಕೊಂಡು ಹೋದೆ, ನನ್ನ ಬೀಗರ ಹೊಲ ನೋಡಲಿ ಎಂದು. ಬದುವಿಗೆ ಕಾಲಿಡುತ್ತಿದ್ದ ಹಾಗೆ ಏನೋ ಕಣ್ಣಿಗೆ ಹೊಡೆಯಿತು. ಗೂಟದಿಂದ ಗೂಟಕ್ಕೆ ಕಟ್ಟಿದ ದಾರದಲ್ಲಿ, ಹಕ್ಕಿ ಹೆದರಿಸಲು, ನಾನು ವರ್ಷಗಟ್ಟಲೆ ಕೊಟ್ಟ ಡಿವಿಡಿಗಳು ತೂಗಾಡುತ್ತಿದ್ದವು. ನಟ್ಟನಡುವೆ ನನ್ನ ಮಗನ ಮದುವೆಯ ಡಿವಿಡಿ, ಮೇಲೆ ಬಂಗಾರದ ಅಕ್ಷರದಲ್ಲಿ ನಮ್ಮ ಮನೆತನದ ಹೆಸರು, ಹೆಸರಿನ ಮೇಲೆ ಕಾಗೆಯ ಹಿಕ್ಕೆ.

ಜೊತೆಗೆ ಬಂದವರು ಅದನ್ನು ಓದಿದರು. ನಾನು ಜೋಳ ನೋಡಿದೆ.

"ಸಿಡಿ ಕಟ್ಟಿದ್ರ ಗುಬ್ಬಿ ಬಂದು ಮುಖಾ ನೋಡ್ಕೋತಾವ್ರಿ," ಎಂದು ಬೀಗರು ಬಂದವರಿಗೆಲ್ಲ ವಿವರಿಸಿದರು. "ಡಿವಿಡಿ ಕಟ್ಟಿದ್ರ ಒಂದೂ ಸನೇಕ ಬರೂದಿಲ್ಲ. ಇಷ್ಟು ದಿನಕ್ಕ ಅದಕ್ಕೂ ಒಂದು ಕೆಲಸಾ ಸಿಕ್ತು."

ಸೇಡಿನ ಬೀಜ ಮೊಳೆತದ್ದು ಅಲ್ಲೇ. ನಾನು ಬೀಜದ ವ್ಯಾಪಾರಿ, ನನ್ನ ಬೀಜ ಹುಸಿ ಹೋಗುವುದಿಲ್ಲ.

ಯುಗಾದಿಯ ಹೊತ್ತಿಗೆ ದೇವರು ಕಣ್ಣು ತೆರೆದ: ಬೀಗರ ಸಿಡಿ ಮಶೀನು ಕೆಟ್ಟಿತು. ಹಾವೇರಿಯಲ್ಲಿ ಟಿವಿ ರಿಪೇರಿ ಮಾಡುವವನೊಬ್ಬ ನನಗೆ ಹಳೆಯ ಗುರುತು. ಅವನ ಹತ್ತಿರ ಕರೆದುಕೊಂಡು ಹೋಗಿ ಎಂದು ಬೀಗರು ನನಗೇ ಹೇಳಿದರು! ಮಶೀನಿಗೆ ಕಂಬಳಿ ಸುತ್ತಿ ಬ್ಯಾಡಗಿಯಲ್ಲಿ ಬಸ್ಸು ಹತ್ತಿದೆವು. ಕಿಡಕಿಯ ಪಕ್ಕದ ಸೀಟಿನಲ್ಲಿ ಮಶೀನು, ಅದಕ್ಕೆ ಆತು ಬೀಗರು. ಉಳಿದ ಜಾಗ ನನ್ನದು, ಅಂದರೆ ಮೇಲಿನ ಸರಳು. ಇದೇನ್ರಿ ಸೀಟಿನ ಮ್ಯಾಲ ಎಂದು ಕಂಡಕ್ಟರ್ ಕೇಳಿದರೆ, "ಪೇಶಂಟ್ ಐತ್ರಿ, ಅಲುಗಾಡಬಾರದು," ಎಂದು ಬೀಗರು ಕಂಬಳಿ ಸರಿಪಡಿಸಿದರು. ಕುಪ್ಪೇಲೂರಿನ ನನ್ನ ಗಿರಾಕಿಯೊಬ್ಬ ಅದೇ ಬಸ್ಸಿನಲ್ಲಿದ್ದ. ಅಷ್ಟು ದೊಡ್ಡ ಬೀಜದ ಅಂಗಡಿಯ ಸಾಹುಕಾರ ನಿಂತಿದ್ದಾನೆ, ಒಂದು ಡಬ್ಬಿ ಕೂತಿದೆ. ಅವನು ಎದ್ದು ನನಗೆ ಸೀಟು ಬಿಟ್ಟುಕೊಟ್ಟ. ಅದು ಇನ್ನೂ ಹೆಚ್ಚಿನ ನಾಚಿಕೆ.

ಬೀಗರು ಮಶೀನು ಬಿಟ್ಟು ಊರಿಗೆ ಹೋದರು. ನಾನು ರಾಣೆಬೆನ್ನೂರಿಗೆ ಬಂದು ಅಟ್ಟ ಹತ್ತಿ, ನಮ್ಮ ಡಿವಿಡಿ ಮಶೀನು ಇಳಿಸಿ, ಮರುದಿನ ಮತ್ತೆ ಹಾವೇರಿಗೆ ಹೋದೆ. ರಿಪೇರಿಯವನಿಗೆ ಹೇಳಿದೆ: ಅದರ ಹೊಟ್ಟೆ ಸೀಳು, ಒಳಗಿನ ಕರುಳೆಲ್ಲ ತೆಗೆ, ಇದರ ಕರುಳು ಹಾಕಿ ಹೊಲಿ. ಮೇಲೆ ಅದೇ ಡಬ್ಬಿ, ಅದೇ ಕುಂಕುಮದ ಗುಂಡಿ. ಅವನು ಬಿದ್ದು ಬಿದ್ದು ನಕ್ಕು ಕೆಲಸಕ್ಕೆ ಕೂತ. ಲೆನ್ಸ್ ಸ್ವಚ್ಛ ಮಾಡಿದ್ದೇನೆ, ಹಳೆಯ ರಿಮೋಟ್ ಹೋಗಿದೆ, ಇದನ್ನು ಬಳಸಿ ಎಂದು ಬೀಗರಿಗೆ ಹೇಳಲು ಪಾಠ ಮಾಡಿಸಿದೆ. ಸಿಡಿಯ ಕೊನೆಯ ಸೈನಿಕ, ಹೊಟ್ಟೆಯಲ್ಲಿ ಡಿವಿಡಿ ಇಟ್ಟುಕೊಂಡ ಮಶೀನನ್ನು ಎದೆಗವಚಿಕೊಂಡು ಊರಿಗೆ ಹೋದ! ಇಂಥ ಚೇಷ್ಟೆ ಯಾರಾದರೂ ಮಾಡಿದ್ದಾರೆಯೇ? ಹೇಳಿ!

ಆಮೇಲೆ ಬೀಗರು ಸಿಕ್ಕಾಗೆಲ್ಲ ಒಂದೇ ಮಾತು: ಚಿತ್ರ ಈಗ ಎಷ್ಟು ಸಾಫ್ ಬರುತ್ತದೆ ಗೊತ್ತೇ, ಸಿಡಿಯ ಮುಂದೆ ನಿಮ್ಮ ಡಿವಿಡಿ ಯಾವ ಮೂಲೆಗೆ! ನಾನು ಹೌದೌದು ಎನ್ನುತ್ತಿದ್ದೆ. ನಗು ತಡೆದು ತಡೆದು ನನ್ನ ಪಕ್ಕೆಲುಬು ನೋಯುತ್ತಿತ್ತು.

ದೀಪಾವಳಿ ಆದ ಮೇಲೆ ಮಕ್ಕಳ ಮದುವೆಗೆ ಇಪ್ಪತ್ತು ವರ್ಷ ತುಂಬಿತು. ಬೀಗರು ಎರಡೂ ಕಡೆಯ ಬಳಗವನ್ನು ಬ್ಯಾಡಗಿಗೆ ಕರೆದರು. ಊಟ ಆದ ಮೇಲೆ ಮೂರೂ ಸಿಡಿ, ನಡುವೆ ಎರಡು ಸಲ ಚಹಾ. ನಾನು ಜುಬ್ಬಾದ ಕಿಸೆಯಲ್ಲಿ ಮದುವೆಯ ಡಿವಿಡಿಯ ಇನ್ನೊಂದು ಪ್ರತಿ ಇಟ್ಟುಕೊಂಡು ಹೋದೆ. ಉಪಾಯ ಸರಳ: ಮೊದಲನೇ ಚಹಾದ ಹೊತ್ತಿಗೆ ಎದ್ದು, ಎಲ್ಲರ ಎದುರು ಅವರ ಸಿಡಿ ಮಶೀನಿಗೆ ಡಿವಿಡಿ ಹಾಕುವುದು. ಅದು ಉಗುಳುವುದಿಲ್ಲ. ಇಪ್ಪತ್ತು ವರ್ಷದ ಯುದ್ಧ ಅಲ್ಲಿಗೆ ಮುಗಿಯಿತು!

ಮೊದಲನೇ ಸಿಡಿ ಬೀಗರೇ ಹಾಕಿದರು. ಅರಿಷಿಣ ಮುಗಿಯಿತು, ಚಹಾ ಬಂತು. ಆಗ ನನ್ನ ಕಣ್ಣಿಗೆ ಬಿತ್ತು: ಮನೆಯ ಕೀಲಿ ಗೊಂಚಲು ಬೀಗರ ಧೋತರದ ಸೊಂಟದಲ್ಲಿತ್ತು. ಆ ಗೊಂಚಲು ಬೀಗತಿಯ ಸೊಂಟ ಬಿಟ್ಟು ಇಳಿದದ್ದನ್ನು ನಾನು ಕಂಡಿರಲಿಲ್ಲ. ಬಿಡುತ್ತೇನೆಯೇ? ದೊಡ್ಡ ದನಿಯಲ್ಲಿ, ಬೀಗರಿಗೆ ಮುಪ್ಪಿನಲ್ಲಿ ಅಡಿಗೆಮನೆಯ ಅಧಿಕಾರ ಸಿಕ್ಕಿದೆ, ಇನ್ನು ಸೀರೆ ಉಡಿಸುವುದೊಂದು ಬಾಕಿ ಎಂದೆ. ಬಳಗವೆಲ್ಲ ನಕ್ಕಿತು. ಅವರು ಕಪ್ಪು ಕೆಳಗಿಟ್ಟು, ಬನ್ನಿ ಎನ್ನುವಂತೆ ತಲೆ ಆಡಿಸಿ ಹಿತ್ತಲಿಗೆ ನಡೆದರು.

"ನಿಮ್ಮ ಮುಂದ ಹೇಳತೀನಿ, ಯಾರ ಮುಂದೂ ಆಡಬ್ಯಾಡ್ರಿ," ಎಂದರು. "ಕೀಲಿ ಆಕೀನ ಬಿಚ್ಚಿ ಕೊಟ್ಲು. ಆಕಿಗೆ ಮರಿವು ಬಂದೈತಿ."

ನನ್ನ ಬಾಯಲ್ಲಿ ಇನ್ನೊಂದು ಚೇಷ್ಟೆಯ ಮಾತು ತಯಾರಿತ್ತು. ಅದನ್ನು ನುಂಗಿ ಹಿತ್ತಲಿನ ಕಲ್ಲಿನ ಮೇಲೆ ಕೂತೆ.

ಅವರು ಹೇಳಿದ್ದು ಇಷ್ಟು. ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಪೇಟೆಯಿಂದ ಲಗೂ ಮನೆಗೆ ಬಂದರೆ, ಬೀಗತಿ ಟಿವಿಯ ಮುಂದೆ ಕೂತಿದ್ದಾರೆ, ಟಿವಿಯಲ್ಲಿ ಬರೀ ನೀಲಿ ಪರದೆ, ಅದರ ಮೇಲೆ ಇಂಗ್ಲಿಷ್ ಅಕ್ಷರದ ಪಟ್ಟಿ. ಯಾಕೆ ಎಂದರೆ, ಯಾವ ಗುಂಡಿ ಒತ್ತಬೇಕು ಎನ್ನುವುದು ಮರೆತುಹೋಗಿದೆ ಎಂದರಂತೆ. ಹಾಗಾಗಿ ಎಷ್ಟೋ ದಿನ ಆಗಿತ್ತು, ಹೇಳಿರಲಿಲ್ಲ. ಸಿಡಿ ಹಾಕುವುದು, ಕುಂಕುಮದ ಗುಂಡಿ ಒತ್ತುವುದು, ನೀಲಿ ಪರದೆ ನೋಡುವುದು, ತೆಗೆದು ಮತ್ತೆ ಹಾಕುವುದು. ಅದು ಹೊಸ ರಿಮೋಟಿನ ಪಟ್ಟಿ ಎಂದುಕೊಂಡಿದ್ದ ಬೀಗರು, ಅದೇ ಮಶೀನು, ಅದೇ ಗುಂಡಿ ಅಲ್ಲವೇ ಎಂದು ರಿಮೋಟ್ ಒತ್ತಿ ತೋರಿಸಿದರು. ಅವರ ಕೈಯಲ್ಲಿ ನಡೆಯಿತು. ಅಲ್ಲಿಗೆ ಬೀಗತಿಗೆ ಖಾತ್ರಿಯಾಯಿತು: ಕೆಟ್ಟದ್ದು ಮಶೀನಲ್ಲ. ಅವರ ತಾಯಿಗೆ ಕೊನೆಗಾಲದಲ್ಲಿ ಹೆತ್ತ ಮಕ್ಕಳ ಹೆಸರೂ ಮರೆತಿತ್ತಂತೆ. ಅಂದಿನಿಂದ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಅಡಿಗೆ ಮಾಡಲು ಹೆದರಿಕೆ. ಒಂದು ದಿನ ಕೀಲಿ ಬಿಚ್ಚಿ ಗಂಡನ ಮುಂದಿಟ್ಟರು.

"ಡಿವಿಡಿ ಯಾಕ ಒಲ್ಲೆ ಅಂದೆ ಗೊತ್ತೈತೇನ್ರಿ ನಿಮಗ?" ಎಂದರು ಬೀಗರು. "ಅದರಾಗ ಪಟ್ಟಿ ಬರತೈತಿ, ಓದಿ ಆರಿಸಬೇಕು. ಆಕಿಗೆ ಅಕ್ಷರ ಬರೂದಿಲ್ಲ. ಒಮ್ಮೆ ನಿಮ್ಮ ಮನ್ಯಾಗ ಎಲ್ಲಾರ ಮುಂದ ಆಕಿ ಕೈಯಾಗ ರಿಮೋಟ್ ಕೊಟ್ರಿ, ಒತ್ತಾಕ ಬರಲಿಲ್ಲ. ಮನಿಗೆ ಬಂದು ಉಣ್ಣಲಿಲ್ಲ ಆಕಿ. ನಗೂದಾದ್ರ ಮಂದಿ ನನ್ನ ನೋಡಿ ನಗಲಿ ಅಂತ ಆವತ್ತ ಠರಾವ್ ಮಾಡಿದೆ."

ಚಹಾದ ಸಿದ್ಧಾಂತ, ಪೊಳ್ಳು ಕಾಯಿ, ಮುಖ ನೋಡಿಕೊಳ್ಳುವ ಗುಬ್ಬಿ! ಅರಿಷಿಣ, ಕುಂಕುಮ, ಸುಣ್ಣ ಆ ತಾಯಿಯ ಅಕ್ಷರಮಾಲೆ. ನಾನು ಅದಕ್ಕೆ ನೈವೇದ್ಯ ಏನು ಎಂದು ಕೇಳುತ್ತಿದ್ದೆ.

"ಬರೂ ವಾರ ಹುಬ್ಬಳ್ಳಿಗೆ ದೊಡ್ಡ ಡಾಕ್ಟರ ಕಡೆ ಕರಕೊಂಡು ಹೊಂಟೀನಿ," ಎಂದು ಅವರು ಮುಖ ತೊಳೆದುಕೊಂಡರು.

ಕಿಸೆಯಲ್ಲಿ ಡಿವಿಡಿ ಇತ್ತು. ಅದು ಎದೆಗೆ ಒತ್ತುತ್ತಿತ್ತು. ಸುಮ್ಮನಿದ್ದು ಆಮೇಲೆ ಗುಟ್ಟಾಗಿ ಮಶೀನು ಸರಿಮಾಡಿಸಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಸುಳ್ಳೇಕೆ, ಆ ವಿಚಾರ ಬಂತು. ಒಂದು ಕ್ಷಣ ಚೆನ್ನಾಗಿಯೇ ಕೂತಿತ್ತು. ಆದರೆ ಹುಬ್ಬಳ್ಳಿಯ ಡಾಕ್ಟರ ಮುಂದೆ ಆ ತಾಯಿ ತನ್ನ ತಲೆಯ ಮೇಲೆ ತಾನೇ ಚಾಡಿ ಹೇಳುತ್ತ ಕೂಡುವುದನ್ನು ನೆನೆದೆ.

ಒಳಗೆ ಬಂದೆ. ಬೀಗತಿ ಅಡಿಗೆಮನೆಯ ಬಾಗಿಲಲ್ಲಿ, ಯಾರಾದರೂ ಏನಾದರೂ ಕೇಳಿಯಾರು ಎನ್ನುವ ಅಂಜಿಕೆಯಲ್ಲಿ ನಿಂತಿದ್ದರು. ಡಿವಿಡಿ ತೆಗೆದು ಮಶೀನಿಗೆ ಹಾಕಿ, ರಿಮೋಟ್ ಒತ್ತಿದೆ. ಅದು ಉಗುಳಲಿಲ್ಲ. ಎಲೆ ಅಡಿಕೆ ಜಗಿಯುತ್ತ ನಾನು ಚಂದ್ರನೊಳಗೆ ಮೂಡಿದೆ. ಬಳಗಕ್ಕೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನಾನು ಬಾಗಿಲಿನ ಕಡೆ ತಿರುಗಿ ಹೇಳಿದೆ.

"ಅಕ್ಕಾರ, ಇದು ನಿಮ್ಮ ಮಶೀನ ಅಲ್ರಿ. ಯುಗಾದಿ ಮುಂದ ಒಳಗಿಂದೆಲ್ಲಾ ನಾನು ಬದಲಿ ಮಾಡಿಸೇನಿ. ಕುಂಕುಮದ ಗುಂಡಿ ಒತ್ತಿದ್ರ ನೀಲಿ ಪರದೆ ಬರೂದು ನನ್ನ ಕೆಲಸ. ನೀವು ಒತ್ತಿದ್ದು ಬರೋಬ್ಬರಿ ಐತಿ."

ಬಳಗ ಹೋ ಎಂದು ನಕ್ಕಿತು. ಅವರಿಗೆ ಅದೊಂದು ಬೀಗರ ಚೇಷ್ಟೆ. ಬೀಗರು ಎಲ್ಲರಿಗಿಂತ ಜೋರಾಗಿ ನಕ್ಕರು, ಕಣ್ಣಲ್ಲಿ ನೀರು ಬರುವ ತನಕ ನಕ್ಕು, ನನ್ನ ಬೆನ್ನಿಗೆ ಗುದ್ದಿದರು. ಎರಡನೇ ಚಹಾ ಬಂತು.

ರಾಣೆಬೆನ್ನೂರಿಗೆ ಮರಳುವಾಗ ಸೊಸೆ ಕಾರಿನಲ್ಲಿ ನನ್ನ ಪಕ್ಕದ ಸೀಟು ಬಿಟ್ಟು ಹಿಂದೆ ಹೋಗಿ ಕೂತಳು. ಮರುದಿನ ಬೆಳಿಗ್ಗೆ ಬ್ಯಾಡಗಿಗೆ ಹೋಗಿ ಮಶೀನು ಎತ್ತಿಕೊಂಡು ಹಾವೇರಿಯ ಬಸ್ಸು ಹತ್ತಿದೆ. ರಿಪೇರಿಯವನು ಹಳೆಯ ಕರುಳನ್ನು ಒಂದು ತಗಡಿನ ಡಬ್ಬಿಯಲ್ಲಿ ಎತ್ತಿಟ್ಟಿದ್ದ, ಪುಣ್ಯಾತ್ಮ. ಕೆಟ್ಟದ್ದನ್ನು ಸರಿಮಾಡಿ ಅದನ್ನೇ ಮತ್ತೆ ಒಳಗೆ ಕೂಡಿಸಿದ. ಮರಳುವಾಗ ಬಸ್ಸಿನಲ್ಲಿ ಸೀಟು ಒಂದೇ ಸಿಕ್ಕಿತು. ಅದರಲ್ಲಿ ಮಶೀನು ಕೂಡಿಸಿ ನಾನು ಸರಳು ಹಿಡಿದು ನಿಂತೆ. ಏನ್ರಿ ಇದು ಎಂದು ಕಂಡಕ್ಟರ್ ಕೇಳಿದ. ನಾನು ಮಶೀನಿಗೂ ಸೇರಿಸಿ ಎರಡು ಟಿಕೆಟ್ ತೆಗೆದೆ.

ಬೀಗತಿಯ ಮಧ್ಯಾಹ್ನದ ಮದುವೆ ಮತ್ತೆ ಶುರುವಾಗಿದೆ. ಬೀಗರು ಹುಬ್ಬಳ್ಳಿಗೆ ಹೋಗಲಿಲ್ಲ. ನಾವಿಬ್ಬರೂ ರಾಜಿಯಾದೆವೋ ಎಂದು ಕೇಳಬೇಡಿ. ಆ ಎರಡನೇ ಭಾಗದ ಸಿಡಿ ನನಗಿನ್ನೂ ಸಿಕ್ಕಿಲ್ಲ.

ಈಗ ಮಾತಿಗೆ ತಪ್ಪಬಾರದು. ಕಟ್ಟಿದ್ದು ಯಾವುದು? ಹತ್ತಿಯ ಹೋಳಿಗೆ ಅಲ್ಲ, ಖರೇ. ಕಿವಿಗೆ ಹಚ್ಚಿ ಅಲ್ಲಾಡಿಸಿದ್ದು ಖರೇ. ಸೀಟಿನ ಮೇಲೆ ಕೂತ ಪೇಶಂಟ್ ಖರೇ, ಬೇಕಾದರೆ ಕುಪ್ಪೇಲೂರಿಗೆ ಹೋಗಿ ಕೇಳಿ. ನಾನು ಕಟ್ಟಿದ್ದು ಬೀಗರ ನಗುವನ್ನು. ಅವರು ನಗಲಿಲ್ಲ. ನನ್ನ ಬೆನ್ನಿಗೆ ಗುದ್ದಿದ್ದರೆ ಎಷ್ಟು ಚೆನ್ನಾಗಿತ್ತು, ಗುದ್ದಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಬಳಗವೆಲ್ಲ ನಗುತ್ತಿರುವಾಗ ಎದ್ದು ಅಡಿಗೆಮನೆಯ ಬಾಗಿಲಿಗೆ ಹೋಗಿ, ಸೊಂಟದಿಂದ ಕೀಲಿ ಗೊಂಚಲು ತೆಗೆದು ಹೆಂಡತಿಯ ಕೈಯಲ್ಲಿಟ್ಟರು. ಹತ್ತಿರ ನಿಂತಿದ್ದ ನನಗಷ್ಟೇ ಕೇಳಿಸಿತು.

"ಮಶೀನ ಬ್ಯಾರೆ ಆಗಿತ್ತು. ನಿನ್ನ ತೆಲಿ ಇದ್ದಂಗ ಐತಿ."